ಬಿಲ್ಡ್ ಫೇಲಾದಾಗ ಕೇಳುವ ದನಿ

ಮಾರ್ಚ್ 4, ಮಂಗಳವಾರ, ಮನೆಯಿಂದಲೇ ಕೆಲಸ

ಮತ್ತೆ ಅದೇ. ಬಿಲ್ಡ್ ಫೇಲ್. ‘ಫೈಲ್ ಸಿಗಲಿಲ್ಲ’ ಅಂತ ಕೆಂಪಕ್ಷರ. ಫೈಲ್ ಕಣ್ಣೆದುರಿಗೇ ಇದೆ, ಪಕ್ಕದ ಫೋಲ್ಡರಿನಲ್ಲಿ. ಆದರೆ ಬಿಲ್ಡ್ ಮಾಡಿಕೊಡುವ, ಅಂದರೆ ಪ್ರೋಗ್ರಾಂ ಕಟ್ಟಿಕೊಡುವ ಡಾಕರ್‌ಗೆ ನಾವು ತೋರಿಸಿದ ಫೋಲ್ಡರ್ ಒಂದೇ ಲೋಕ. ಹೊರಗಿನ ಫೈಲಿನ ಪಾತ್ ಎಷ್ಟು ಬರೆದುಕೊಟ್ಟರೂ ಜಪ್ಪಯ್ಯ ಅಂದರೂ ಆಚೆ ಇಣುಕುವುದಿಲ್ಲ.

ಟೀಮ್ ಲೀಡ್‌ಗೆ ಫೋನ್ ಮಾಡಿದೆ. ಎಲ್ಲವನ್ನೂ ಅ ಆ ಇ ಈಯಿಂದ ಶುರು ಮಾಡುವುದರಿಂದ ಅವರು ನಮಗೆಲ್ಲ ಮೇಷ್ಟ್ರು. ಡಾಕರ್ ಕಟ್ಟುವ ಇಮೇಜ್ ಅಂದರೆ ಬುತ್ತಿ ಕಟ್ಟಿದ ಹಾಗೆ, ಬೇಕಾದಷ್ಟೇ ಕಟ್ಟಬೇಕು, ಯಾರ ಮಷೀನಿನಲ್ಲಿ ಬಿಚ್ಚಿದರೂ ಪ್ರೋಗ್ರಾಂ ಓಡಬೇಕು... ಗೊತ್ತು ಸಾರ್, ಗೊತ್ತು.

ಮಧ್ಯಾಹ್ನ ಲ್ಯಾಪ್‌ಟಾಪ್ ಅಕ್ಕನ ಪಾಲು. ಅವಳಿಗೆ ಚಿಕ್ಕಂದಿನಿಂದ ಮಾತು ತಡೆಯುತ್ತದೆ. ಕ, ಪ ಬಂದರೆ ಗಂಟಲಿಗೆ ಬೀಗ. ದಿನಾ ಗಟ್ಟಿಯಾಗಿ ಓದಿ, ರೆಕಾರ್ಡ್ ಮಾಡಿ ಕೇಳಿಸಿಕೊಳ್ಳಬೇಕಂತೆ, ಥೆರಪಿಸ್ಟ್ ಹೇಳಿದ್ದು. ಕಣ್ಣಾಸ್ಪತ್ರೆಯಲ್ಲಿ ರಿಸೆಪ್ಷನಿಸ್ಟ್ ಕೆಲಸ ಖಾಲಿ ಇದೆ. ಇಪ್ಪತ್ತನಾಲ್ಕಕ್ಕೆ ಇಂಟರ್‌ವ್ಯೂ. ರೋಗಿಗಳ ಹೆಸರು ಕೂಗಬೇಕು. ಈ ಸಲ ಬಿಡುವುದಿಲ್ಲ ಎಂದು ಹಟ ಹಿಡಿದಿದ್ದಾಳೆ. ರೆಕಾರ್ಡಿಂಗ್ ಇಡುವುದು ನನ್ನ ಪ್ರಾಜೆಕ್ಟ್ ಫೋಲ್ಡರಿನ ಪಕ್ಕದಲ್ಲೇ. ಅಲ್ಲಾದರೆ ಯಾರೂ ಮುಟ್ಟುವುದಿಲ್ಲವಂತೆ.

ಮಾರ್ಚ್ 5

ಆಯಿತು! ಬಿಲ್ಡ್ ಶುರುವಾಗುವ ಜಾಗವನ್ನೇ ಒಂದು ಮೆಟ್ಟಿಲು ಮೇಲಕ್ಕೆ, ಅಕ್ಕಪಕ್ಕದ ಫೋಲ್ಡರೆಲ್ಲ ಇರುವಲ್ಲಿಗೆ, ಒಯ್ದೆ. ‘ಇಲ್ಲಿರುವುದೆಲ್ಲ ಕಾಪಿ ಮಾಡು’ ಎಂದು ಒಂದೇ ಸಾಲು. ಇಮೇಜ್ ಸ್ವಲ್ಪ ದಪ್ಪಗಾಯಿತು. ಯಾರು ನೋಡುತ್ತಾರೆ? ಟೀಮಿಗೆಲ್ಲ ಹೋಗುವ ಹಾಗೆ ಪುಶ್ ಮಾಡಿದೆ. ಮೇಷ್ಟ್ರು ಬೆನ್ನು ತಟ್ಟಿದರು.

ಮಾರ್ಚ್ 10, ಆಫೀಸು

ಊಟ ಬಿಟ್ಟು ಇದನ್ನು ಬರೆಯುತ್ತಿದ್ದೇನೆ.

ಟೆಸ್ಟಿಂಗ್‌ನವನಿಗೆ — ಬಾಯಲ್ಲಿ ಏನೂ ನಿಲ್ಲದ ಕಾರಣ ಅವನು ಡಂಗುರ — ಇಮೇಜ್ ಯಾಕೆ ಇಷ್ಟು ದಪ್ಪ ಎಂದು ಅನುಮಾನ. ಒಳಗೆ ಹೊಕ್ಕು ನೋಡಿದ್ದಾನೆ. ಆಡಿಯೋ ಫೈಲುಗಳು. ಒಂದನ್ನು ಸ್ಪೀಕರಿಗೆ ಹಾಕಿದ. ‘ಕ... ಕ... ಕಣ್ಣಿನ ಪ... ಪ...’

ಅಕ್ಕ.

ರೂಮಿಗೆ ರೂಮೇ ಬಿದ್ದು ಬಿದ್ದು ನಕ್ಕಿತು. ಎಲ್ಲಿಂದ ಬಂತು ಇದು ಎಂದು ಮೇಷ್ಟ್ರು ಕೇಳಿದರು. ಯಾವುದೋ ಸ್ಯಾಂಪಲ್ ಫೈಲ್ ಇರಬೇಕು ಸಾರ್, ಅಂದೆ.

ಮತ್ತೆ ನಾನೂ ನಕ್ಕೆ. ಇದನ್ನು ಬರೆಯಲೇಬೇಕು. ನಾನೂ ನಕ್ಕೆ.

ಮಾರ್ಚ್ 11

ಡಂಗುರ ಆ ತುಣುಕನ್ನು ಅಲಾರಂ ಮಾಡಿದ್ದಾನೆ. ಯಾರದೇ ಬಿಲ್ಡ್ ಫೇಲಾದರೂ ಸ್ಪೀಕರಿನಲ್ಲಿ ಅಕ್ಕ ತಡವರಿಸುತ್ತಾಳೆ. ಇವತ್ತು ಮೂರು ಸಲ. ಒಂದು ಸಲ ಫೇಲಾದದ್ದು ನನ್ನದೇ.

ಇಮೇಜಿನೊಳಗಿನ ರೆಕಾರ್ಡಿಂಗ್ ಅಳಿಸಲು ಕೊನೆಯಲ್ಲಿ ಒಂದು ಸಾಲು ಸೇರಿಸಿದೆ. ಸೈಜ್ ಒಂದಿಷ್ಟೂ ಇಳಿಯಲಿಲ್ಲ. ಸುಮ್ಮನೆ ಕೇಳುವವನ ಹಾಗೆ ಮೇಷ್ಟ್ರನ್ನು ಕೇಳಿದೆ.

“ಇಮೇಜ್ ಅಂದ್ರೆ ಪದರದ ಮೇಲೆ ಪದರ. ಕೆಳಗಿನ ಪದರಕ್ಕೆ ಸೇರಿದ್ದು ಮೇಲೆ ಅಳಿಸಿದ್ರೆ ಹೋಗಲ್ಲಪ್ಪಾ. ಕಾಣಲ್ಲ, ಅಷ್ಟೆ. ಮೊದಲಿಂದ ಕಟ್ಟಬೇಕು.”

ಮೊದಲಿಂದ ಕಟ್ಟಿದೆ. ಏನೇನು ಒಳಗೆ ಬರಬಾರದು ಎಂದು ಇಗ್ನೋರ್ ಫೈಲಿನಲ್ಲಿ ಬರೆದೆ. ಬೇಕಾದ ಎರಡೇ ಫೋಲ್ಡರ್ ಹೆಸರಿಸಿ ಕಾಪಿ ಮಾಡಿಸಿದೆ. ಆರು ದಿನದ ಹಿಂದೆ ಮಾಡಬೇಕಿದ್ದ ಕೆಲಸ, ಅರ್ಧ ಗಂಟೆಯದು. ಹೊಸ ಇಮೇಜ್ ಚೊಕ್ಕ. ಆದರೆ ಡಂಗುರನ ಮಷೀನಿನಲ್ಲಿರುವ ದನಿ? ತೆಗಿ ಅನ್ನಬೇಕಾದರೆ ಯಾರ ದನಿ ಎಂದು ಹೇಳಬೇಕು.

ಹೇಳಲಿಲ್ಲ. ಹೇಡಿ.

ಮಾರ್ಚ್ 13

ಊಟಕ್ಕೆ ಕೂತಾಗ ಅಕ್ಕ ಕೇಳಿದಳು, ರೆಕಾರ್ಡಿಂಗ್ ಬೇರೆ ಯಾರ ಕಿವಿಗೂ ಬೀಳುವುದಿಲ್ಲ ತಾನೆ? ಯಾರು ಕೇಳುತ್ತಾರೆ, ಬಿಡು ಅಂದೆ. ಅವಳು ನೀರು ಬಗ್ಗಿಸಿ ಕೊಟ್ಟಳು.

ಮಾರ್ಚ್ 20, ಸಂಜೆ

ವಾರದಿಂದ ಇದನ್ನು ತೆರೆದಿರಲಿಲ್ಲ. ಮುಖ ಇರಲಿಲ್ಲ.

ಥೆರಪಿಸ್ಟ್ ಹೊಸ ಪಾಠ ಕೊಟ್ಟಿದ್ದಾರೆ: ಗುರುತಿಲ್ಲದವರ ಹತ್ತಿರ ಹೋಗಿ ತಾನೇ ಮಾತಾಡಿಸಬೇಕು. ಅಕ್ಕ ಹಿಗ್ಗಿಹೋಗಿದ್ದಾಳೆ.

“ನಾಳೆ ನಿನ್ನ ಆಫೀಸಿಗೇ ಬರ್ತೀನಿ ಕಣೋ. ಒಬ್ಬೊಬ್ಬರಿಗೂ ನಾನೇ ಹೆಸರು ಹೇಳ್ಕೋತೀನಿ. ನಿನ್ನ ಜನ ಅಂದ್ರೆ ನಂಗೆ ಹೆ... ಹೆದರಿಕೆ ಇಲ್ಲ.”

ಬೇಡ ಅನ್ನಲು ಯಾವ ನೆವವೂ ಹೊಳೆಯಲಿಲ್ಲ. ಅವಳು ಬಾಯಿ ತೆರೆದ ಕ್ಷಣ ಎಲ್ಲರಿಗೂ ಗೊತ್ತಾಗುತ್ತದೆ.

ಮಾರ್ಚ್ 21, ಬೆಳಿಗ್ಗೆ, ಆಫೀಸು

ಬೇಗ ಬಂದೆ. ಡಂಗುರ ಕಾಫಿ ಮಷೀನಿನ ಹತ್ತಿರ ಒಬ್ಬನೇ ಸಿಕ್ಕ. ಹೇಳಿಬಿಟ್ಟೆ. ಅವನ ಮುಖ ಬಿಳಿಚಿಕೊಂಡಿತು. ಕಪ್ಪನ್ನು ಅಲ್ಲೇ ಬಿಟ್ಟು ಹೋಗಿ ನನ್ನ ಕಣ್ಣೆದುರಿಗೇ ಎಲ್ಲ ಅಳಿಸಿದ. ಬೈಯುತ್ತಾನೆ ಅಂದುಕೊಂಡೆ. ಮೆಲ್ಲಗೆ ಕೇಳಿದ:

“ನಮಗೆ ಗೊತ್ತಿರಲಿಲ್ಲ ಮಾರಾಯ. ನಿಂಗೆ ಗೊತ್ತಿತ್ತಲ್ಲ. ನೀನೂ ನಕ್ಯಲ್ಲ?”

ಉಳಿದವರಿಗೆ ಅವನೇ ಹೇಳಿದ. ಡಂಗುರ ಮೊದಲ ಸಲ ಪಿಸುಮಾತಿನಲ್ಲಿ ಸುದ್ದಿ ಹೇಳಿದ್ದು.

ಅದೇ ದಿನ, ಸಂಜೆ, ಮನೆ

ಅಕ್ಕ ಬಂದಿದ್ದಳು. ಇಸ್ತ್ರಿ ಸೀರೆ, ನೆಟ್ಟಗಿನ ಬೆನ್ನು. ಎಲ್ಲರ ಟೇಬಲಿಗೂ ಹೋದಳು. ಅವಳು ತಡೆದಲ್ಲೆಲ್ಲ ಅವರೂ ತಡೆದು ನಿಂತರು. ಮೇಷ್ಟ್ರು ಎದ್ದು ನಿಂತು ಕೈ ಮುಗಿದರು. ಡಂಗುರ ನೆಲ ನೋಡುತ್ತಿದ್ದ. ನಾನು ಸ್ಕ್ರೀನ್ ನೋಡುತ್ತಿದ್ದೆ. ಏನೂ ಓದಲಿಲ್ಲ.

ದಾರಿಯುದ್ದಕ್ಕೂ ಮಾತು, ಮಾತು. ಎಷ್ಟು ವರ್ಷವಾಗಿತ್ತು ಅವಳು ಬಸ್ಸಿನಲ್ಲಿ ಅಷ್ಟು ಗಟ್ಟಿಯಾಗಿ ಮಾತಾಡಿ. ಇಳಿಯುವಾಗ ನನ್ನ ತೋಳು ಹಿಡಿದು ಅಂದಳು:

“ಎಷ್ಟು ಒಳ್ಳೇ ಜನ ಕಣೋ ನಿನ್ನ ಆಫೀಸಿನವರು. ಒಬ್ಬರೂ ನಗಲಿಲ್ಲ.”

ಸೋಮವಾರ ಇಂಟರ್‌ವ್ಯೂ. ಅದು ಮುಗಿಯಲಿ, ಆಮೇಲೆ ಹೇಳೋಣ ಅನ್ನಿಸುತ್ತದೆ. ಅದು ಅವಳ ಮೇಲಿನ ಕಾಳಜಿಯೋ, ನನ್ನ ಹೇಡಿತನವೋ? ಈಗ ಹೇಳಿದರೆ ಮತ್ತೆ ಬೀಗ ಬೀಳುತ್ತದೇನೋ. ಹೇಳದಿದ್ದರೆ ಅವಳ ಧೈರ್ಯವೆಲ್ಲ ನನ್ನ ಸುಳ್ಳಿನ ಮೇಲೆ ನಿಂತ ಹಾಗೆ. ದಾರಿ ತೋಚುತ್ತಿಲ್ಲ.

ಹಾಲ್‌ನಲ್ಲಿ ಅಮ್ಮನಿಗೆ ಫೋನ್ ಮಾಡುತ್ತಿದ್ದಾಳೆ. ತಮ್ಮ ಜೊತೆಗಿಲ್ಲದಿದ್ದರೆ ನನ್ನಿಂದ ಆಗುತ್ತಲೇ ಇರಲಿಲ್ಲ ಅಂತ. ‘ಕ’ ಬಂತು, ಬೀಗವಿಲ್ಲದೆ ದಾಟಿತು.

ಫೋನ್ ಇಟ್ಟಳು. ನನ್ನನ್ನೇ ಕರೆಯುತ್ತಿದ್ದಾಳೆ. ಏನು ಹೇಳಲಿ, ಅಕ್ಕ, ನಾನು ನಿನ್ನ ದನಿಗೆ ನಕ್ಕೆ ಅಂತಲೇ? ಬಂದಳು, ಮುಚ್ಚಿಡುತ್ತೇನೆ.