ಎಮ್ಮೆಗೆ ಹೇಳಿ ಕಳಿಸಿದ ಸುದ್ದಿ

ಉಪದೇಶಿಯವರಿಗೆ,

ಮುಂಜಾನೆಯ ಬಸ್ಸಿಗೆ ಸಿಂದಗಿಗೆ ಹೋಗುತ್ತಿದ್ದೇನೆ. ನಾಳೆ ನಿಮ್ಮ ತಂಗಿಯ ಮಗಳು ಸುಗುಣಾಳ ಮದುವೆ, ಹೋಳಿಗೆ ಮಾಡಲು ಕೈ ಸಾಲದು. ರೊಟ್ಟಿ ಬುಟ್ಟಿಯಲ್ಲಿವೆ. ಪಲ್ಯ ಮುಚ್ಚಿಟ್ಟಿದ್ದೇನೆ, ತಣ್ಣಗಾಗಿದ್ದರೆ ಬಿಸಿ ಮಾಡಿಕೊಳ್ಳಿ.

ನಿನ್ನೆ ನೀವು ಎಮ್ಮೆಯ ಮುಂದೆ ನಿಂತು, "ಅಕಿಗೆ ಹೇಳವ್ವಾ, ನಾ ಮದುವಿಗೆ ಬರೂದಿಲ್ಲ, ಪ್ರಸಂಗಾನೂ ಮಾಡೂದಿಲ್ಲ" ಅಂದಿರಿ. ಎಮ್ಮೆ ಹೇಳಲಿಲ್ಲ, ನನಗೇ ಕೇಳಿಸಿತು. ಐತವಾರದಿಂದ ಚಹಾ ಬೇಕೆಂದು ಸಹ ಆ ಎಮ್ಮೆಯನ್ನೇ ಕೇಳುತ್ತಿದ್ದೀರಿ.

ಸಿಟ್ಟು ಯಾತಕ್ಕೆಂದು ಗೊತ್ತು. "ನಾವು ಗಂಡ ಹೆಂಡತಿ ಒಂದು ದಿವಸಾನೂ ಜಗಳಾಡಿಲ್ಲ" ಎಂದು ನೀವು ಐತವಾರ ಚರ್ಚಿನ ಪ್ರಸಂಗದಲ್ಲಿ ಬೋಧಿಸಿದಾಗ ನಾನು ಹೆಂಗಸರ ಸಾಲಿನಿಂದ "ಸುಳ್ಳು" ಅಂದೆ. ಎಲ್ಲರೂ ನಕ್ಕರು. ಆದರೆ ಅವತ್ತು ಮುಂಜಾನೆಯೇ ಛತ್ರಿಗಾಗಿ ಜಗಳಾಡಿದ್ದೆವಲ್ಲ?

ದೇವರು ಕೂಡಿಸಿದವರನ್ನು ಮನುಷ್ಯರು ಅಗಲಿಸಬಾರದೆಂದು ಸತ್ಯವೇದದಲ್ಲಿದೆ. ಅವರು ಜಗಳಾಡುವುದೇ ಇಲ್ಲವೆಂದು ಅದರ ಹಿಂದೆ ಮುಂದೆ ಎಲ್ಲೂ ಇಲ್ಲ, ಹುಡುಕಿ ನೋಡಿದ್ದೇನೆ. ಇಷ್ಟು ಜಗಳಾಡಿಯೂ ನಾವು ಒಂದೇ ಮನೆಯಲ್ಲಿದ್ದೇವೆ. ಸುಗುಣಾಳಿಗೆ ಅದನ್ನೇ ಹೇಳಿ, ಪಾಪ, ಅವಳಿಗೆ ಉಪಯೋಗಕ್ಕೆ ಬರುವುದು ಅದೇ.

ಪಕ್ಕದ ಮನೆಯ ಅಮಸಿದ್ದ ಹಾಲು ಕರೆಯುತ್ತಾನೆ. ನಿಮ್ಮ ಕೋಟು ಇಸ್ತ್ರಿಯಾಗಿ ಗೂಟಕ್ಕಿದೆ, ಗುಂಡಿ ಹಚ್ಚಿದ್ದೇನೆ.

ನಾಳೆ ಬನ್ನಿ. ಬರದಿದ್ದರೆ ಪ್ರಸಂಗದ ಹೊತ್ತಿಗೆ ನಾನೇ ಎದ್ದು ನಿಂತು, ಉಪದೇಶಿಯವರು ಯಾಕೆ ಬರಲಿಲ್ಲವೆಂದು ಬೀಗರ ಮುಂದೆ ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ.

ಸಾಯುವ ತನಕ ನಿಮ್ಮ ಹೆಂಡತಿ, ಇಬ್ಬರಿಗೂ ಬೇರೆ ದಾರಿಯಿಲ್ಲ,
ಶಾಂತವ್ವ