ಮೇಲಿನ ಹಲ್ಲು

4 ಮಾರ್ಚ್ 2024, ಸೋಮವಾರ
ಮೊದಲ ಶಿಫ್ಟ್. ಕಂಪನಿ ಬಸ್ಸು ನಾಲ್ಕಕ್ಕೆ ಸೂಳಗಿರಿಯಲ್ಲಿ ಇಳಿಸಿತು. ಪಾಪುವಿಗೆ ಎಂಟು ತಿಂಗಳು. ಇವತ್ತು ಹಲ್ಲು ಕಂಡಿತು — ಮೇಲಿನವು, ಎರಡು. ಖುಷಿಯಲ್ಲಿ ಕೂಗಿದೆ. ಅಮ್ಮ ಬಂದು ನೋಡಿದವಳೇ ಸೆರಗಿನಿಂದ ಮಗುವಿನ ಬಾಯಿ ಮುಚ್ಚಿದಳು.
"ಮೇಲ್ ಹಲ್ಲು ಮೊದ್ಲು ಬಂದ್ರೆ ಸೋದರಮಾವನ್ಗೆ ಆಗ್ಬರಲ್ಲ ಕಣೆ. ಕೆಳಗಿನವು ಬರೋಗಂಟ ಯಾರ್ಗೂ ತೋರುಸ್ಬ್ಯಾಡ. ಮುಟ್ಲೂ ಬ್ಯಾಡ."
ಸೋದರಮಾವ ಅಂದರೆ ನನ್ನ ತಮ್ಮ ಜಗನ್. ದಿನಾ ಹೈವೇಯಲ್ಲಿ ಬೈಕಿನಲ್ಲಿ ಹೊಸೂರಿಗೆ ಹೋಗಿ ಬರುವವನು. ಇದನ್ನೆಲ್ಲ ನಂಬುವವಳಲ್ಲ ನಾನು. ಆದರೂ ಪಾಪುವಿನ ಬಾಯಿಂದ ಸೆರಗು ಸರಿಸಲಿಲ್ಲ.

3 ಏಪ್ರಿಲ್, ಬುಧವಾರ
ಒಂಬತ್ತು ತಿಂಗಳ ಇಂಜೆಕ್ಷನ್. ಹಲ್ಲು ಬಂತಾ ಎಂದು ನರ್ಸ್ ತಮಿಳಿನಲ್ಲಿ ಕೇಳಿದಳು. "ಇನ್ನೂ ಇಲ್ಲ," ಎಂದಳು ಅಮ್ಮ. ನಾನು ಪಕ್ಕದಲ್ಲೇ ಇದ್ದೆ... ನರ್ಸ್ ಹೇಳಿದಳು: ಹಲ್ಲು ಬಂದ ದಿನದಿಂದಲೇ ಒದ್ದೆ ಬಟ್ಟೆಯಲ್ಲಿ ಒರೆಸಬೇಕಂತೆ. ಬಾಟಲಿ ಬಾಯಲ್ಲಿಟ್ಟು ಮಲಗಿಸಬಾರದಂತೆ. ಸಿಹಿ ಬೇಡವಂತೆ.
ಮನೆಗೆ ಬಂದರೆ ಅಮ್ಮನ ಕೈಯಲ್ಲಿ ಜೇನಿನ ಬಾಟಲು. ಒಸಡಿಗೆ ತಿಕ್ಕಿದರೆ ಕೆಳಗಿನವು ಬೇಗ ಬರುತ್ತವಂತೆ. ದಿನಕ್ಕೆ ಮೂರು ಸಲ. ಮಲಗಿಸಲು ಸಕ್ಕರೆ ಹಾಲು.

26 ಏಪ್ರಿಲ್
ಜಗನ್ ಬೈಕ್ ಸ್ಕಿಡ್ ಆಯಿತು. ಮೊಣಕೈ ತರಚಿದೆ, ಅಷ್ಟೇ.
"ಯಾರ್ಗಾರ ತೋರ್ಸುದ್ಯಾ?" ಅಮ್ಮ ಕೇಳಿದಳು.
ತೋರಿಸಿರಲಿಲ್ಲ. ಆದರೆ ನಿನ್ನೆ ಕದ್ದು ಬಟ್ಟೆಯಲ್ಲಿ ಒರೆಸಿದ್ದೆ. ಭಯವಾಯಿತು. ನನಗೆ, ಡಿಪ್ಲೊಮಾ ಓದಿದವಳಿಗೆ. ಇನ್ನು ಒರೆಸುವುದಿಲ್ಲ.

9 ಜೂನ್, ಭಾನುವಾರ
ಕೆಳಗಿನವು ಬಂದವು. ಅಮ್ಮ ಪಾಯಸ ಮಾಡಿದಳು. ಧೈರ್ಯವಾಗಿ ಪಾಪುವಿನ ತುಟಿ ಎತ್ತಿದೆ. ಮೇಲಿನ ಹಲ್ಲುಗಳ ಬುಡದಲ್ಲಿ ಬಿಳಿ ಗೆರೆ. ಹಾಲೆಂದುಕೊಂಡು ಒರೆಸಿದೆ. ಹೋಗಲಿಲ್ಲ. ನಮ್ಮ ಫ್ಯಾಕ್ಟರಿಯ ಕ್ವಾಲಿಟಿ ಸೆಕ್ಷನ್‌ನಲ್ಲಿ ಇಂಥ ಗೆರೆ ಕಂಡ ಪಾರ್ಟನ್ನು ಎರಡು ಸಲ ನೋಡದೆ ರಿಜೆಕ್ಟ್ ಮಾಡುತ್ತೇನೆ.
"ಹಾಲ್ ಹಲ್ಲು ತಾನೆ. ಬಿದ್ದೋಯ್ತವೆ, ಬುಡು."
ಬಾಟಲಿ ಬಿಡಿಸಲು ನೋಡಿದೆ. ಅವಳ ಅಳು ತಡೆಯಲಾಗದೆ ಕೊಟ್ಟುಬಿಟ್ಟೆ.

17 ನವೆಂಬರ್, ಭಾನುವಾರ
ಗೆರೆ ಈಗ ಕಂದು. ಒಂದು ಹಲ್ಲಿನ ಅಂಚು ಉದುರಿದೆ.
ಜಗನ್ ಬಂದಿದ್ದ. ಪಾಪು ತಾನೇ ಕೈಯಿಂದ ಬಾಯಿ ಮುಚ್ಚಿಕೊಂಡಳು.
"ಏನಕ್ಕ, ನನ್ ಕಂಡ್ರೆ ನಾಚ್ಕೆನಾ ಇವಳ್ಗೆ?"
ಎಲ್ಲರೂ ನಕ್ಕೆವು. ಅವನು ಹೋದ ಮೇಲೂ ಕೈ ತೆಗೆಯಲಿಲ್ಲ. ಅಂಬಲಿಯನ್ನೂ ಕುಡಿಯಲಿಲ್ಲ. ಮುಂದಿನ ವಾರ ರಜೆ ಹಾಕಿ ಡೆಂಟಿಸ್ಟ್ ಹತ್ತಿರ ಹೋಗಬೇಕು.

19 ಜನವರಿ 2025, ಭಾನುವಾರ, ಬೆಳಗ್ಗೆ 9
ಹೋಗಲೇ ಇಲ್ಲ. ಏನೇನೋ ನೆಪ.
ಪಾಪುವಿನ ತುಟಿ, ಕೆನ್ನೆ ಊದಿವೆ. ಒಂದು ಕಣ್ಣು ಮುಚ್ಚಿಹೋಗಿದೆ. ಮೈ ಕಾದ ಹೆಂಚು. ನಮ್ಮ ಯಜಮಾನರು ಡ್ಯೂಟಿಯಲ್ಲಿ, ಫೋನ್ ಎತ್ತುತ್ತಿಲ್ಲ. ಜಗನ್‌ಗೆ ಹೇಳಿದೆ. ಕಾರು ತಂದಿದ್ದಾನೆ.
ಕೆಳಗಿನವು ಬಂದರೂ ಭಯ ಬಿಡದ ಅಮ್ಮ ಬಾಗಿಲಿಗೆ ಅಡ್ಡ ನಿಂತಳು. "ನೀನ್ ನೋಡ್ಬ್ಯಾಡ ಕಣ್ಲಾ."
"ಯಾಕಮ್ಮ?"
ನಾನೇ ಎಲ್ಲ ಹೇಳಿದೆ.
"ನನ್ಗೋಸ್ಕರಾನಾ ಅಕ್ಕ?"
ಮೆಲ್ಲಗೆ ಪಾಪುವಿನ ಕೈ ಸರಿಸಿ ನೋಡಿದ. ಕೀವಿನ ವಾಸನೆ. ಹೊರಡುತ್ತಿದ್ದೇವೆ.

ಮಧ್ಯಾಹ್ನ 12.30, ಕೃಷ್ಣಗಿರಿ ಆಸ್ಪತ್ರೆ
ನಂಜು ಕಣ್ಣಿನ ಕಡೆಗೆ ಏರಿದೆಯಂತೆ. ಮೇಲಿನ ನಾಲ್ಕೂ ಕೀಳಬೇಕಂತೆ, ಪ್ರಜ್ಞೆ ತಪ್ಪಿಸಿ. ಸಹಿ ಹಾಕಿದೆ. ಒಳಗೆ ಕರೆದುಕೊಂಡು ಹೋಗಿ ಒಂದು ಗಂಟೆ. ಅರ್ಧ ಗಂಟೆ ಅಂದಿದ್ದರು. ಕೈ ಸುಮ್ಮನಿರಲಾರದೆ ಬರೆಯುತ್ತಿದ್ದೇನೆ.
ಅಮ್ಮನ ಫೋನ್ ಬಂತು.
"ಜಗನ್ ಉಸಾರಾಗವ್ನೇನೆ?"
ಮೊದಲು ಅದನ್ನೇ ಕೇಳಿದಳು. ಹುಷಾರಾಗಿದ್ದಾನೆ ಎಂದೆ. ಎದುರಿನ ಬೆಂಚಿನಲ್ಲೇ ಕೂತಿದ್ದಾನೆ, ಅವನಿಗೇನೂ ಆಗಿಲ್ಲ. ಬಾಗಿಲು ತೆಗೆದರು. ಡಾಕ್ಟರ್ ಒಬ್ಬರೇ ಬರುತ್ತಿದ್ದಾರೆ, ಪಾಪು ಇಲ್ಲದೆ. ನನ್ನ ಮುಖ ನೋಡುತ್ತಿಲ್ಲ—