ಮನೆ ನಂಬರ್ 3417

ನವೆಂಬರ್ 4, ಬೆಳಿಗ್ಗೆ

ಲಾಡ್ಜಿನ ಅತಿಥಿಗಳಿಗೆ ಕೊಡುವ ಸಲಹಾಹಾಳೆ ಮತ್ತೆ ಮುಗಿದಿದೆ. ಹೊಸದು ಬರೆದೆ. ಸೇತುವೆ ಮೆಟ್ಟಿಲ ಮೇಲೆ ಕೂತು ತಿನ್ನಬೇಡಿ. ಕಾಫಿ ನಿಂತೇ ಕುಡಿಯಿರಿ, ಕೂತರೆ ದುಪ್ಪಟ್ಟು. ಸೈರನ್ ಕೇಳಿದರೆ ಬೂಟು ಹಾಕಿ, ನೀರು ಏರುತ್ತದೆ. ದಾರಿ ಕೇಳಿದರೆ ವೆನಿಸ್‌ನವರೆಲ್ಲ 'ಸೀದಾ ಹೋಗಿ' ಅನ್ನುತ್ತಾರೆ, ನಂಬಬೇಡಿ... ಈ ಸಾಲು ಹೊಡೆದುಹಾಕಿದೆ. ಊರಿನ ಮಾನದ ಪ್ರಶ್ನೆ.

ಮಧ್ಯಾಹ್ನ

ಮಗಳು ನೋಯೆಮಿಯ ಮೆಸೇಜು! ಆರು ವರ್ಷದವಳಿದ್ದಾಗ ಅವಳಮ್ಮ ಟ್ರಿಯೆಸ್ತೆಗೆ ಕರೆದುಕೊಂಡು ಹೋದದ್ದು. ಹತ್ತೊಂಬತ್ತು ವರ್ಷ. ರೈಲಿನಲ್ಲಿ ಎರಡೇ ಗಂಟೆ ದಾರಿ, ನಾಳೆ ಹೋಗೋಣ ನಾಳೆ ಹೋಗೋಣ ಅಂತಲೇ ಕಳೆದೆ. ಈಗ ಅವಳೇ ಬರುತ್ತಾಳಂತೆ. 9ನೇ ತಾರೀಕು, ಹನ್ನೊಂದು ಗಂಟೆಗೆ. ಒಂದೇ ಸಲ ಬರುವುದಂತೆ, ಬಾಗಿಲು ತೆಗೆಯದಿದ್ದರೆ ಮತ್ತೆ ಕೇಳುವುದಿಲ್ಲವಂತೆ.

ಪೂರ್ತಿ ಬರೆದು ಕಳಿಸಿದೆ — ಯಾವ ದೋಣಿ, ಯಾವ ಬೂಟು, ಮನೆ ನಂಬರ್ 3417.

ನವೆಂಬರ್ 9

ಶಾಯಿಮೀನನ್ನು ಅದರ ಕಪ್ಪು ಶಾಯಿಯಲ್ಲೇ ಬೇಯಿಸಿ ಕಾದೆ. ನಾಲ್ಕರವರೆಗೂ. ಬರಲಿಲ್ಲ. ಫೋನ್ ಎತ್ತಲಿಲ್ಲ. ಮೂರನೇ ಸಲ ಕಟ್ ಮಾಡಿದಳು. ತಾನೇ ಬರುತ್ತೇನೆಂದು ಹೇಳಿ ಹೀಗೇಕೆ? ತಲೆಬುಡ ತಿಳಿಯುತ್ತಿಲ್ಲ.

ಕೆಳಮನೆಯ ಯೋಲೆ ಬಂದು ಮೀನು ತಿಂದಳು. "ನೀನು ಹತ್ತೊಂಬತ್ತು ವರ್ಷ ಹೋಗ್ಲಿಲ್ಲ, ಅವಳು ಒಂದಿನ ಬರ್ಲಿಲ್ಲ. ಅಷ್ಟಕ್ಕೇ ಮುಖ ಹಿಂಗ್ ಮಾಡ್ಕೋತೀಯಾ" ಅಂದಳು.

ಸಿಟ್ಟು ಬಂತು. ಅವಳ ಮುಂದಿನ ತಟ್ಟೆ ಎತ್ತಿಬಿಟ್ಟೆ.

ನವೆಂಬರ್ 14

ಪೋಸ್ಟ್‌ಮನ್ ದನೀಲೊ ಸಿಕ್ಕಿದ್ದ. ಊರಿನ ಆಚೆ ತುದಿಯ ದೊರ್ಸೊದೂರೊ ಪೇಟೆಯಲ್ಲೂ ಒಂದು 3417 ಇದೆ. 9ರಂದು ಅಲ್ಲಿಗೆ ಒಬ್ಬ ಹುಡುಗಿ ಕೇಕು ಹಿಡಿದು ಬಂದಿದ್ದಳಂತೆ. ನನ್ನ ಹೆಸರು ಹೇಳಿ, ಎರ್ಮೆಸ್ ದಬಾಲಾ ಇದ್ದಾರಾ ಎಂದು ಕೇಳಿದಳಂತೆ. ಅಂಥವರು ಯಾರೂ ಇಲ್ಲ ಎಂದಳಂತೆ ಆ ಮನೆಯ ಮುದುಕಿ.

"'ಹಂಗೇಳು ಅಂತ ಅವರೇ ಹೇಳ್ಕೊಟ್ರಾ?' ಅಂದ್ಲಂತೆ ಕಣೋ. ಉತ್ತರಕ್ಕೂ ಕಾಯದೇ ಹೋದ್ಲಂತೆ" ಅಂದ ದನೀಲೊ.

ಊರಿಗೆ ಆರು ಪೇಟೆ, ಪ್ರತಿ ಪೇಟೆಯಲ್ಲೂ ಮನೆ ನಂಬರು ಮತ್ತೆ ಒಂದರಿಂದ ಶುರು. ನಮ್ಮ ಪೇಟೆಯೊಳಗೆ ಪೇಟೆಯ ಹೆಸರನ್ನು ಯಾರೂ ಹೇಳುವುದಿಲ್ಲ. ನಾನೂ ಬರೆಯಲಿಲ್ಲ. ಕಸ್ತೆಲ್ಲೊ — ಒಂದು ಪದ. ಲೋಕಕ್ಕೆಲ್ಲ ದಾರಿ ಹೇಳುವ ದಡ್ಡ. ಅತ್ತುಬಿಟ್ಟೆ.

ನೋಯೆಮಿಗೆ ಎಲ್ಲ ಬರೆದು ಕಳಿಸಿದೆ. ತಪ್ಪು ನನ್ನದು, ಬಾಗಿಲಲ್ಲೇ ಕೂತಿದ್ದೆ ಅಂತ.

ನವೆಂಬರ್ 17

ಮೂರು ದಿನದ ಮೇಲೆ ಉತ್ತರ. "ನಂಬಬೇಕೋ ಬೇಡ್ವೋ ಗೊತ್ತಾಗ್ತಿಲ್ಲ. ಈ ಸಲ ನೀವೇ ಬನ್ನಿ. ಸ್ಟೇಷನ್ನಿಂದ ಬಸ್ಸು, ಮೂರನೇ ಸ್ಟಾಪು, ಹಸಿರು ಬಾಗಿಲು. ಬೆಲ್ ಮೇಲೆ ಅಮ್ಮನ ಮನೆತನದ ಹೆಸರಿದೆ, ನಿಮ್ದಲ್ಲ. ಅದನ್ನೇ ಒತ್ತಿ."

ನವೆಂಬರ್ 18, ಟ್ರಿಯೆಸ್ತೆ, 10:50

ಹಸಿರು ಬಾಗಿಲ ಮುಂದೆ ನಿಂತಿದ್ದೇನೆ. ಆರು ಬೆಲ್. ಮೂರನೆಯದರ ಮೇಲೆ ಅವಳಮ್ಮನ ಮನೆತನದ ಹೆಸರು. ಅದರ ಕೆಳಗೆ, ಪೆನ್ಸಿಲ್‌ನಲ್ಲಿ, ಸಣ್ಣಗೆ — ದಬಾಲಾ. ನಿನ್ನೆ ಬರೆದದ್ದೋ, ಮೊದಲಿಂದ ಇದ್ದದ್ದೋ? ಒತ್ತುವ ಮುಂಚೆ ಇಷ್ಟು ಬರೆದುಬಿಡೋಣ ಅಂದರೆ ಒಳಗಿನಿಂದ ಯಾರೋ ಚಿಲಕ ತೆಗೆಯುವ ಸದ್ದು—